ಹನ್ನೆರಡು ಇಂಚು

ರೂಫಿನಾ ಟೀಚರ್ ನನ್ನ ಅಂಗಡಿಗೆ ಗ್ಲೋಬು ತಂದರು
ತರಕಾರಿ ಚೀಲದಲ್ಲಿ, ಕುಂಬಳಕಾಯಿಯ ಹಾಗೆ.
ಲಿಂಗರಾಜಪುರ, ಭಾನುವಾರ, ಕರೆಂಟಿಲ್ಲ.

ಉಣ್ಣೆ ಕೋಟಿನ ಅಳತೆ ತೆಗೆಯುತ್ತಾ ಹೋದ ವಾರ
ಸುಮ್ಮನೆ ಕೇಳಿದ್ದೆ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು:
ಎಷ್ಟು ದೂರ ಟೀಚರ್, ಆ ವ್ಯಾಂಕೂವರ್ರು?
ಈಗ ಉತ್ತರ ಬಂದಿದೆ, ಸಾಮಾನು ಸಮೇತ.

ಏಳನೇ ಕ್ಲಾಸಿನ ನಕ್ಷೆಗೆ ನನಗೆ ಸೊನ್ನೆ ಸುತ್ತಿದ ಕೈ ಇದೇ.
ಕೃಷ್ಣೆಯನ್ನು ಅರಬ್ಬೀ ಸಮುದ್ರಕ್ಕೆ ಹರಿಸಿಬಿಟ್ಟಿದ್ದೆ.
ಹತ್ತಿರ ಇತ್ತಲ್ಲ ಟೀಚರ್, ಅಂದೆ.
ಬೆಂಚಿನ ಮೇಲೆ ನಿಲ್ಲಿಸಿದರು.

‘ದಾರ ತೆಗಿ ನೀಲಾ.’
ಕೆಂಪು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿದೆ,
ಉಗುರಿನಡಿ ತುಮಕೂರು, ಕೋಲಾರ, ಅರ್ಧ ತಮಿಳುನಾಡೂ ಸಿಕ್ಕಿಬಿದ್ದವು.
ಜಪಾನಿನ ಪಕ್ಕದಿಂದ, ಅಷ್ಟು ನೀಲಿಯ ಮೇಲಿಂದ
ಸೀದಾ ಎಳೆದೆ. ಇನ್ನೇನು ಮುಟ್ಟಿಸಬೇಕು,
‘ಸಡಿಲ ಇದೆ, ಬಿಗಿ ಮಾಡು’ ಅಂದರು.

ಬಿಗಿ ಮಾಡಿದೆ. ದಾರ ಜಾರಿತು.
ನಾನು ಹೇಳಿದ್ದಲ್ಲ, ತಾನೇ ಜಾರಿತು:
ಜಪಾನು ಬಿಟ್ಟಿತು, ಚೀನಾ ಬಿಟ್ಟಿತು,
ಮೇಲೆ ಮೇಲೆ ಹತ್ತಿ, ಸೈಬೀರಿಯಾ ದಾಟಿ,
ಹೆಸರೇ ಬರೆಯದ ಬಿಳಿ ಜಾಗವನ್ನು ಸವರಿ
ಆ ಕಡೆ ಇಳಿಯಿತು.

ಟೀಚರ್ ನನ್ನ ಮುಖವನ್ನೇ ನೋಡುತ್ತಿದ್ದರು,
ಮೂವತ್ತಮೂರು ವರ್ಷ ಯಾವ ಬೆಂಚಿನಲ್ಲೂ
ಸಿಗದೇ ಹೋದದ್ದೇನೋ ಅಲ್ಲಿ ಸಿಕ್ಕಿತು ಅನ್ನುವ ಹಾಗೆ.

ನನಗೇನು ಹೊಸತು? ಬಟ್ಟೆ ಚಪ್ಪಟೆ, ಮೈ ದುಂಡು.
ಭುಜದ ಮೇಲೆ ನೇರ ಕೂರುವ ಹೊಲಿಗೆಯನ್ನು
ಮೇಜಿನ ಮೇಲೆ ಬಿಲ್ಲಿನ ಹಾಗೆ ಬಾಗಿಸಿಯೇ ಕತ್ತರಿಸುತ್ತೇನೆ.
ಗೋಡೆಯ ನಕ್ಷೆ ಅಂದರೆ
ಡಾಟ್ ಹಿಡಿಯದೆ ಹೊಲಿದ ಬ್ಲೌಸು, ಟೀಚರ್.
ಅವರು ಜೋರಾಗಿ ನಕ್ಕರು. ಮಾರ್ಕು ಮಾತ್ರ ಕೊಡಲಿಲ್ಲ.

ಟೇಪು ಹಿಡಿದೆವು: ಹನ್ನೆರಡು ಇಂಚು.
ಹದಿಮೂರು ಸಾವಿರ ಕಿಲೋಮೀಟರಿಗೆ ತುಸು ಕಡಿಮೆ.
ವಿಮಾನ ಹೀಗೆ ಹೋಗಲ್ಲವಂತೆ,
ಲಂಡನ್ನಿನಲ್ಲಿ ಇಳಿದು, ಕಾದು, ಬೇರೆಯದು ಹತ್ತಬೇಕಂತೆ.
ಬುಧವಾರ ಬೆಳಗಿನ ಜಾವ ಮೂರಕ್ಕೆ ಹೊರಟು
ಇಪ್ಪತ್ತಮೂರು ಗಂಟೆ ಕೂತೂ ಕೂತು
ಅದೇ ಬುಧವಾರ ಮಧ್ಯಾಹ್ನ ಒಂದೂವರೆಗೆ ತಲುಪುವುದಂತೆ.
ಮಿಕ್ಕ ಗಂಟೆಗಳು ಎಲ್ಲಿ ಹೋದವು ಅಂದೆ.
‘ನಿನ್ನ ಅಂಗಡಿಯ ಚೂರು ಬಟ್ಟೆಗಳ ಹಾಗೆ,
ಎಲ್ಲೋ ಇರುತ್ತವೆ.’

ಅಲ್ಲಿ ಇರುವವಳು ಇಂಗ್ರಿಡ್. ಎಪ್ಪತ್ತನಾಲ್ಕರಲ್ಲಿ
ಮಕ್ಕಳ ಪತ್ರಿಕೆಯೊಂದರಲ್ಲಿ ಸಿಕ್ಕ ವಿಳಾಸ.
ಆಗ ಕಾಗದಕ್ಕೆ ಇಪ್ಪತ್ತೆರಡು ದಿನ;
ಅವಳ ಕ್ರಿಸ್‌ಮಸ್ ಕಾರ್ಡು ಇಲ್ಲಿ
ಸಂಕ್ರಾಂತಿಯ ಎಳ್ಳಿನ ಜೊತೆ ಬರುತ್ತಿತ್ತು.
ಇಬ್ಬರೂ ಒಬ್ಬರ ದನಿ ಒಬ್ಬರು ಕೇಳಿಲ್ಲ.
ಫೋನು ಬಂತು, ವಿಡಿಯೋ ಬಂತು, ಬೇಡ ಅಂದುಕೊಂಡರು.
ಯಾಕೆ ಅಂತ ನಾನು ಕೇಳಲಿಲ್ಲ,
ಕಾಲರಿಗೆ ಕ್ಯಾನ್ವಾಸು ಕೂರಿಸುತ್ತಿದ್ದೆ.

ಗ್ಲೋಬು ಚೀಲಕ್ಕೆ ಹೋಯಿತು, ದಾರ ಮೇಜಿನ ಮೇಲೆ ಉಳಿಯಿತು.
ಹನ್ನೆರಡು ಇಂಚಿಗೆ ಏನು ಬರುತ್ತದೆ?
ಒಂದು ಗುಂಡಿ.
ಕತ್ತಿನ ಹತ್ತಿರದ್ದು, ಚಳಿಗೆ ಮೊದಲು ಹಾಕುವಂಥದ್ದು.
ಕಪ್ಪು ಕೋಟಿಗೆ ಕೆಂಪು ದಾರ ಹೊಂದುವುದಿಲ್ಲ,
ಗೊತ್ತಿದ್ದೇ ಹೊಲಿದೆ.

ಮಂಗಳವಾರ ರಾತ್ರಿ ಹತ್ತಕ್ಕೇ ಟ್ಯಾಕ್ಸಿ.
ಹೆಬ್ಬಾಳದಲ್ಲಿ ಲಾರಿ ಅಡ್ಡ ನಿಂತು ಮುಕ್ಕಾಲು ಗಂಟೆ;
ಆ ಗ್ಲೋಬಿನ ಮೇಲೆ ದೇವನಹಳ್ಳಿಗೆ
ದಾರದ ದಪ್ಪದಷ್ಟೂ ದೂರವಿಲ್ಲ.
ಮೂರಕ್ಕೆ ಎಚ್ಚರವಾಯಿತು. ಯಾವುದೋ ವಿಮಾನ.
ಅವರದೇ ಇರಲಿಕ್ಕಿಲ್ಲ.
ಆದರೂ ಬೆರಳ ತುದಿ ತಡವಿಕೊಂಡೆ,
ಬೆಂಗಳೂರನ್ನು ಒತ್ತಿ ಹಿಡಿದಿದ್ದ ಬೆರಳು.