ತಲೆಕೆಳಗಾದ ಆರು

ಮೂವತ್ತೊಂದು ವರ್ಷ ಚರ್ಚಿನ ಹಲಗೆಗೆ
ಕೀರ್ತನೆಯ ಅಂಕಿ ಸಿಕ್ಕಿಸಿದವನು ನೀನು, ಹಾನುಸ್.
ಬಲಗೈ ಸೋತ ಮೇಲೂ ಬಿಡಲಿಲ್ಲ ಹಟ.
ಶನಿವಾರ ಸಂಜೆ ಎಡಗೈಯಲ್ಲಿ ಅಂಕಿಗಳ ಡಬ್ಬಿ,
ಹಿಂದೆ ನಾನು, ಸ್ಟೂಲು ಹಿಡಿಯಲು.
ಅವತ್ತೂ ಹಿಡಿದಿದ್ದೆ; ಕಣ್ಣು ಮಾತ್ರ ಮುಚ್ಚಿತ್ತು.

ಇನ್ನೂರ ಆರು ಆಗಬೇಕಿತ್ತು.
ಆರು ತಲೆಕೆಳಗಾಗಿ ಒಂಬತ್ತೆಂದು
ಮರುದಿನ ಊರಿಗೆಲ್ಲ ಕಂಡಿತು.

ಆರ್ಗನ್ನಿನ ಸುನ್ನಿವಾ ಇನ್ನೂ ಹದಿನೇಳರ ಹುಡುಗಿ,
ಹಲಗೆ ನೋಡಿ ನುಡಿಸುತ್ತಾಳೆ, ಜನರ ಮುಖ ನೋಡಿ ಅಲ್ಲ.
ಯಾರೂ ಕೇಳದ ರಾಗವೊಂದು ಎದ್ದಿತು,
ಹೊಸ ಹಾದಿಗಿಳಿದ ಕುರಿಯ ಹಾಗೆ
ನಿಂತು, ಮೂಸಿ, ಮತ್ತೆರಡು ಹೆಜ್ಜೆ ನಡೆದು.
ಮುಂದಿನ ಸಾಲಿನ ಮುದುಕರು ಪುಟ ಹಿಂದುಮುಂದು ತಿರುವಿದರು.
ದೊಡ್ಡ ಗಂಟಲಿನ ದಾವುರ್ ಕೂಡ
ಎರಡನೆಯ ಸಾಲಿಗೆ ನೆಲ ಸಿಗದೆ ಮುಳುಗಿದ.
ಸೂರಿನಿಂದ ಇಳಿಬಿಟ್ಟ ಮರದ ಹಡಗು
ಗಾಳಿಯಿಲ್ಲದೆ ತುಸು ತಿರುಗಿತು.
ನಾಚಿಕೆಗೆ ನನ್ನ ಕಿವಿ ಕಾದವು.
ನೀನೋ, ಪಕ್ಕದಲ್ಲಿ, ಜಾರಿದ ತುಟಿಯಂಚಿನಲ್ಲಿ
ಏನೂ ಅರಿಯದವನಂತೆ ಪುಟದ ಮೇಲೆ ಬೆರಳು.

ನಿನಗೆ ಹೇಳಿರಲಿಲ್ಲ.
ಹಿಂದಿನ ಶುಕ್ರವಾರ ಮೀನಿನ ಕಾರ್ಖಾನೆಯ ಪಾಳಿ ಮುಗಿಸಿ,
ನಿನ್ನ ಹಾಸಿಗೆ ಮೂರನೇ ಸಲ ಬದಲಿಸಿ,
ಹೊರಗೆ ಕುರಿಗೋಡೆಯ ಮರೆಗೆ ಕೂತು
ಸಾಕು ಅಂದಿದ್ದೆ. ಬರೀ ಸಾಕು.
ದೇವರಿಗೆ ಅಂದೆನೋ, ಗಾಳಿಗೆ ಅಂದೆನೋ,
ಎರಡಕ್ಕೂ ಇಲ್ಲಿ ಒಂದೇ ದಿಕ್ಕು.

ಆ ಕೀರ್ತನೆಯ ಮೊದಲ ಚರಣದಲ್ಲೇ ಒಬ್ಬ ಪ್ರವಾದಿ,
ರಾಣಿಯ ಕೋಪಕ್ಕೆ ಹೆದರಿ ಹಗಲಿಡೀ ಓಡಿ,
ಮರಳುಗಾಡಿನ ಗಿಡದಡಿ ಬಿದ್ದುಕೊಂಡು
ಅದೇ ಮಾತು ಅಂದ.
ಸಾಕು.
ಈ ಫ್ಯಾರೋ ದ್ವೀಪದಲ್ಲಿ ಗಿಡಮರ ಎಲ್ಲಿ?
ಮರಳುಗಾಡು ಕಂಡವರು ಯಾರು?
ಆದರೂ ಆ ಗಿಡ ನನಗೆ ಗೊತ್ತಿತ್ತು,
ಬೆನ್ನಿಗೆ ಅದರ ಕಲ್ಲಿನ ತಣ್ಪು ಇನ್ನೂ ನೆನಪಿತ್ತು.

ಇನ್ನು ಬೈಗುಳ ಬರುತ್ತದೆ ಅಂದುಕೊಂಡೆ.
ಕೀರ್ತನೆಗಳ ಚಾಳಿ ತಿಳಿಯದ್ದೇ?
ಎರಡನೇ ಚರಣಕ್ಕೆ ಪಶ್ಚಾತ್ತಾಪ, ಮೂರಕ್ಕೆ ರಕ್ತ,
ನಾಲ್ಕಕ್ಕೆ ಸ್ವರ್ಗದ ಬಾಗಿಲು.
ಇದರಲ್ಲಿ ದೂತ ಬಂದ. ಮುಟ್ಟಿದ.
ಏಳು, ಉಣ್ಣು ಅಂದ.
ಕೆಂಡದಲ್ಲಿ ಸುಟ್ಟ ರೊಟ್ಟಿ,
ತಲೆದೆಸೆಯಲ್ಲಿ ತಂಬಿಗೆ ನೀರು.
ಉಂಡ. ಮತ್ತೆ ಮಲಗಿದ.
ಅದಕ್ಕೂ ಬೈಯಲಿಲ್ಲ!
ಮತ್ತೆ ಬಂದು, ಮತ್ತೆ ಮುಟ್ಟಿ,
ಏಳು, ಉಣ್ಣು, ಈ ದಾರಿ ನಿನ್ನ ಅಳವಿಗೆ ಮೀರಿದ್ದು ಅಂದ.

ಮೀರಿದ್ದು.
ದೇವರ ಕಡೆಯವರೇ ಒಪ್ಪಿಕೊಂಡರಲ್ಲ!
ಹತ್ತು ತಿಂಗಳು ಊರೆಲ್ಲ ನನಗೆ
ನೀನು ಗಟ್ಟಿಗಿತ್ತಿ ಮಾರ್ಯುನ್, ನಿನ್ನ ಕೈಲಾಗುತ್ತದೆ
ಅಂದದ್ದೇ ಅಂದದ್ದು.

ಅಜ್ಜಿ ಬೂದಿಯಲ್ಲಿ ಹೂತು ಸುಡುತ್ತಿದ್ದಳು ಡ್ರೂಯ್ಲುರ್,
ಹುಳಿಯಿಲ್ಲದ ಗಟ್ಟಿ ರೊಟ್ಟಿ,
ಸೆರಗಿಗೆ ಒರೆಸಿ, ಊದಿ, ನನ್ನ ಕೈಗಿಡುತ್ತಿದ್ದಳು.
ಆ ಬೂದಿಯ ವಾಸನೆ ಚರ್ಚಿನೊಳಗೆ ಬಂತು.
ನಾನು ಹಾಡುತ್ತಿರಲಿಲ್ಲ, ಗಟ್ಟಿಯಾಗಿ ಓದುತ್ತಿದ್ದೆ;
ಎಲ್ಲರೂ ತಪ್ಪುವಾಗ ನನ್ನ ತಪ್ಪು ಯಾರಿಗೆ ಕೇಳೀತು?
ಕೊನೆಯ ಚರಣಕ್ಕೆ ದಾವುರನ ಕಾಲಿಗೆ ನೆಲ ಸಿಕ್ಕಿತು,
ಅವನ ಹಿಂದೆ ಇಡೀ ಚರ್ಚು
ಒದ್ದೆ ಬಟ್ಟೆಯಲ್ಲಿ ದಡ ಹತ್ತಿತು.

ಹೊರಗೆ ಮಂಜು. ಯಾರೋ ನಕ್ಕರು: ಒಂಬತ್ತಂತೆ, ಆರಂತೆ.
ಆಗ ನಿನಗೆ ತಿಳಿಯಿತು.
ಎಡಗೈಯಿಂದ ಬಲಗೈಗೆ ಹೊಡೆದುಕೊಂಡೆ, ಒಂದು, ಎರಡು.
ಎರಡೂ ಕೈ ಹಿಡಿದೆ ನಾನು.

ಮನೆಯಲ್ಲಿ ನಿನಗಿಂತ ಮೊದಲು ಉಂಡೆ, ಬಿಸಿಬಿಸಿ, ಕೂತು.
ಮಲಗಿದೆ. ನೀನು ಎರಡು ಸಲ ಕರೆದೆಯಂತೆ.
ಕೇಳಿಸಲಿಲ್ಲ.
ಎದ್ದಾಗ ನಿನ್ನ ಹಾಸಿಗೆ ಒದ್ದೆ, ಬದಲಿಸಿದೆ.
ರಾಗ ಆಗಲೇ ಮರೆತಿತ್ತು.

ಆರರ ಬುಡಕ್ಕೊಂದು ಗೆರೆ ಎಳೆದುಬಿಡಿ,
ಇನ್ನು ತಪ್ಪಾಗದು ಅಂದರು ಪಾದ್ರಿ.
ಮುಂದಿನ ಶನಿವಾರ ಸ್ಟೂಲು ಹಿಡಿಯಲು ಹೋದೆ,
ಪೆನ್ಸಿಲು ಮನೆಯಲ್ಲೇ ಮರೆತು.