ಬಾಗಿಲ ಹಿಡಿಕೆ

ನಾರ್ವೆಯ ತುತ್ತತುದಿ, ಬೋಟ್ಸ್‌ಫ್ಯೋರಿನ ದವಾಖಾನೆ,
ಮೂಲೆಯ ಸ್ಟೂಲು ನನ್ನದು.
ಸಂಶೋಧನೆ ಇಷ್ಟೇ: ರೋಗಿ ಬಾಯಿ ತೆರೆದಾಗ ಗಡಿಯಾರ ಒತ್ತುವುದು,
ಡಾಕ್ಟರು ನಡುವೆ ಬಾಯಿ ಹಾಕಿದಾಗ ನಿಲ್ಲಿಸುವುದು.

ಹದಿನಾಲ್ಕು ಸೆಕೆಂಡು. ಒಂಬತ್ತು. ಹನ್ನೊಂದು.
ಕೆಮ್ಮುವ ಹುಡುಗನಿಗೆ ಆರೇ.
ಡಾಕ್ಟರ್ ಸುನ್ನಿವಾ ಕೆಟ್ಟವರಲ್ಲ;
ಹೊರಗೆ ಒದ್ದೆ ಬೂಟುಗಳ ಸಾಲು, ಮಧ್ಯಾಹ್ನಕ್ಕೇ ಕತ್ತಲು.

ಮೀನುಗಾರ ಅಸ್ಲಾಕ್ ಬಂದ. ಮಂಡಿನೋವೆಂದ.
ಎಂಟನೆಯ ಸೆಕೆಂಡಿಗೆ, "ಎಡವೋ ಬಲವೋ?"
ಬರೆದುಕೊಂಡೆ. ಅವರು ಮುಲಾಮು ಬರೆದರು.
ಎದ್ದ, ಟೋಪಿ ಹಾಕಿದ,
ಹಿಡಿಕೆ ಹಿಡಿದು, ಬಾಗಿಲಿಗೇ ಹೇಳುವಂತೆ:
"ಈಚೆಗೆ ಗಂಟು ಹಾಕಲು ಬರುತ್ತಿಲ್ಲ.
ಐವತ್ತು ವರ್ಷ ಹಾಕಿದ ಗಂಟು. ಹಗ್ಗ ಕೈಯಲ್ಲೇ ಇರುತ್ತೆ,
ಮುಂದೇನೆಂದು ಬೆರಳಿಗೆ ಹೊಳೆಯೋದಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಏನೂ ಅನ್ನಲಿಲ್ಲ.
ಫೋನು ಬಡಿದುಕೊಂಡು ಸುಮ್ಮನಾಯಿತು.
ಮರಳಿ ಕೂತ, ಟೋಪಿ ತೆಗೆಯದೆಯೇ.
ಹೆಂಡತಿಗೆ ಹೇಳಿಲ್ಲವಂತೆ.
ದೋಣಿಯನ್ನು ಈಗ ಮಗಳೇ ಕಟ್ಟುತ್ತಾಳಂತೆ,
ಏನೂ ಕೇಳದೆ, ಬೇರೆಲ್ಲೋ ನೋಡುತ್ತ.

ನನ್ನ ಹಾಳೆಯಲ್ಲಿ ಅವನ ಮುಂದೆ ಎಂಟೇ ಇದೆ.
ಹೊಡೆದುಹಾಕುವಂತಿಲ್ಲ, ನಿಯಮ.
ಹಿಡಿಕೆ ಹಿಡಿದ ಮೇಲಿನ ಮಾತಿಗೆ ಕಾಲಮ್ಮಿಲ್ಲ.
ಅಂಚಿನಲ್ಲಿ ಪೆನ್ಸಿಲು ಹಿಡಿದು ಒಂದು ಗಂಟು ಬಿಡಿಸಿದೆ.
ಚಿತ್ರ, ಅಷ್ಟೇ.