ಹನ್ನೊಂದನೇ ಕಾಟು

ಸೋಲಾಪುರದ ದವಾಖಾನಿ, ಗಂಡಸರ ವಾರ್ಡು,
ಕೆಲಸಕ್ಕ ಸೇರಿ ನಾಕನೇ ದಿನ.
ಕಾಂಬಳೆ ಸಿಸ್ಟರ್ ಟ್ರೇ ಕೈಗಿಟ್ಟಳು:
ಸೋಪು, ಹತ್ತಿ, ಒಂದು ರೇಜರು.
"ಹನ್ನೊಂದನೇ ಕಾಟು, ಹರ್ನಿಯಾ, ನಾಳೆ ಎಂಟಕ್ಕ.
ಹೊಕ್ಕಳದಿಂದ ತೊಡಿತನಕ ಬೋಳಿಸು.
ಗಂಡ ಹುಡುಗ ಬಂದದ್ದು ಚಲೋ ಆತು"
ಅಂದಳು, ಮರಾಠಿಯೊಳಗ.

ನಾ ರೇಜರು ನೋಡಿದೆ.

ನಾಗಣಸೂರ ಬಸ್‌ಸ್ಟ್ಯಾಂಡಿನ್ಯಾಗ ಅಪ್ಪಂದು
ಒಂದು ಖುರ್ಚಿ, ಮೂಲಿ ಒಡದ ಕನ್ನಡಿ.
ಹತ್ತು ಮನಿಗೆ ಮಾತ್ರ ಹಿತ್ತಲ ಬಾಗಿಲಿಂದ ಹೋಗಬೇಕು,
ಸುಗ್ಗಿಗೊಮ್ಮೆ ಜ್ವಾಳ ಅಳದು ಹಾಕತಿದ್ರು,
ಮ್ಯಾಲ ಒಂದು ಮಾತು ಸೇರಿಸಿ.
ಪೆಟಗಿ ಮುಟ್ಟಿದ್ರ ಕೈಮ್ಯಾಲ ಹೊಡೀತಿದ್ದ.
"ಇದು ನನ್ನ ಸಂಗಟ ಸುಡಗಾಡಿಗೆ ಬರತದ,
ನಿನಗ ಬ್ಯಾಡ."
ಸೊಸೈಟಿ ಸಾಲ ತಗದು ಲಾತೂರಿಗೆ ಕಳಿಸಿದ.
ಹೃದಯದ ನಾಕು ಕೋಣಿ ಓದಿದೆ,
ಮೋಸಂಬಿಗೆ ಸೂಜಿ ಚುಚ್ಚಿ ಕಲತೆ,
ಬಿಳೀ ಡ್ರೆಸ್ಸಿನ ಫೋಟೋ ಊರಿಗೆ ಕಳಿಸಿದೆ.
ಅಪ್ಪ ಅದನ್ನ ಕನ್ನಡಿಯ ಒಡದ ಮೂಲಿಗೆ ಅಂಟಿಸಿದ.
ಈಗ ಗಿರಾಕಿ ಅರ್ಧಾ ತನ್ನ ಮಾರಿ,
ಅರ್ಧಾ ನನ್ನ ಮಾರಿ ನೋಡತಾರಂತ.

ಪರದೆ ಎಳದೆ.
ಮುದುಕ ಟಾವೆಲ್ಲು ಮಾರಿಮ್ಯಾಲ ಹಾಕ್ಕೊಂಡ.
ಚೀಟಿಯೊಳಗ ಊರು ಕರಜಗಿ. ಹೆಸರಿನ ತುದಿಗೆ ಪಾಟೀಲ.
"ಸಿಸ್ಟರ್ ಬರೂದಿಲ್ಲಲ್ಲ?" ಮರಾಠಿಯೊಳಗ, ಟಾವೆಲ್ಲಿನ ಒಳಗಿಂದ.
"ಇಲ್ರಿ ಅಜ್ಜಾ. ನಾನಽ. ಬ್ರದರ್."
ಕನ್ನಡ ಕೇಳಿ
ತೊಡಿ ಒಂದೀಟು ಸಡಿಲಾತು.

ತೊಗಲು ಸುಕ್ಕು, ಮ್ಯಾಲ ನಡುಕ.
ಲಾತೂರಿನ ಪುಸ್ತಕದಾಗ ಇದಕ್ಕ ಅರ್ಧ ಪುಟ.
ಆದರ ನನ್ನ ಎಡಗೈ ಹೆಬ್ಬಟ್ಟು ತಾನಽ ಹೋಗಿ
ತೊಗಲು ಎಳದು ಹಿಡೀತು,
ಬಲಗೈ ಕೂದಲಿನ ದಿಕ್ಕಿಗೆ ಹೊಳ್ಳಿತು,
ಬಾಯಿ ಕೇಳತಿತ್ತು:
"ಈ ಸಲ ತೊಗರಿ ಹೆಂಗ್ರಿ?
ಎತ್ತು ಇಟ್ಟೀರೋ, ಮಾರಿದ್ರೋ?"
ಯಾರು ಕಲಿಸಿದ್ರು ಇದನ್ನ,
ಮುಟ್ಟಬ್ಯಾಡ ಅಂದವನ ಬಿಟ್ಟು?

ಒಂದು ಗೀರಿಲ್ಲ. ಒಂದು ಹನಿ ರಕ್ತಿಲ್ಲ.
ಮುದುಕ ಟಾವೆಲ್ಲು ತಗದ.
"ಕೈ ಭಾಳ ಹಗರ ಅದ ತಮ್ಮಾ.
ಯಾರ ಪೈಕಿ ನೀ?"
ನಮ್ಮ ಕಡೆ ಈ ಮಾತಿಗೆ ಒಂದಽ ಅರ್ಥ.
ಬಿಸಿನೀರಾಗ ಬಟ್ಟಿ ಅದ್ದಿ ಒರಸಿದೆ,
ಹೊದಿಕಿ ಸರಿ ಮಾಡಿದೆ.
"ರಾತ್ರಿ ಹತ್ತರ ಮ್ಯಾಲ ನೀರೂ ಕುಡೀಬ್ಯಾಡ್ರಿ" ಅಂದೆ.
ಅಂವ ನನ್ನ ಬೆರಳು ನೋಡಕೋತ ಮಲಗಿದ್ದ.

ರಾತ್ರಿ ಅಪ್ಪನ ಫೋನು.
"ಇವತ್ತೇನು ಮಾಡ್ದಿ?"
"ಬಿಪಿ ನೋಡ್ದೆ. ಸಲಾಯಿನ್ ಹಚ್ಚಿದೆ."
"ಮತ್ತ?"
ಹಿಂದ ಕತ್ತಿ ತೊಗಲಪಟ್ಟಿಮ್ಯಾಲ
ಸರಕ್ ಸರಕ್ ಅನ್ನತಿತ್ತು.
"ಮತ್ತೇನಿಲ್ಲ."
ಆ ಸಪ್ಪಳ ನಿಂತು,
"ಕೈ ನಡುಗಲಿಲ್ಲಲ್ಲ?" ಅಂದ.
"ಇಲ್ಲಪ್ಪ" ಅಂದೆ. ಇದೊಂದು ಖರೆ.

ಹದಿನಾಕನೇ ಕಾಟಿನಂವ ಕೂಗಿದ: "ಸಿಸ್ಟರ್!"
ನಾ ಎದ್ದು ಬರೂದು ಕಂಡು
ಏನಂತ ಕರೀಬೇಕೋ ತಿಳೀದಽ
ಸುಮ್ಮ ಕೈ ಎತ್ತಿದ.